ತಡೆಯಾಜ್ಞೆಯ ನಾಲ್ಕು ಮರ

“ಏನವ್ವಾ, ಈ ಮರದ ಕಾಯಿ ಮುಟ್ಟಬಾರ್ದು ಅಂತ ಕೋರ್ಟಿನ ತಡೆಯಾಜ್ಞೆ ಐತೆ!” ಎಂದು ನಾನು ಕೂಗಿದರೂ ನಮ್ಮೂರಿನ ಶಿವಮ್ಮಜ್ಜಿ ಕೆಳಗೆ ಬಿದ್ದಿದ್ದ ತೆಂಗಿನಕಾಯಿಯನ್ನು ಎತ್ತಿ ನಿಧಾನವಾಗಿ ಚೀಲಕ್ಕೆ ಹಾಕಿಕೊಂಡಳು.

ಬದುವಿನ ಆ ನಾಲ್ಕು ಮರ ನನ್ನವೋ, ದೊಡ್ಡಪ್ಪನ ಮಗನವೋ ಎಂದು ಹನ್ನೊಂದು ವರ್ಷದಿಂದ ದಾವೆ ನಡೆದಿದೆ. ಇಬ್ಬರೂ ಕಾಯಿ ಮುಟ್ಟದಂತೆ ಹಟ ಹಿಡಿದು ತಡೆಯಾಜ್ಞೆ ತಂದವನು ನಾನೇ. ಹಂದನಕೆರೆಯ ಟೀ ಅಂಗಡಿಯಲ್ಲಿ ಕೂತು, “ಕೋರ್ಟಿನಿಂದ ಬಡವರಿಗೆ ಯಾವತ್ತೂ ನ್ಯಾಯ ಸಿಗಲ್ಲ” ಎಂದು ಭಾಷಣ ಬಿಗಿಯುವವನೂ ನಾನೇ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಆಜ್ಞೆ ನಿಮ್ಮಿಬ್ರಿಗಲ್ವೇನಪ್ಪಾ? ಅದ್ರಾಗೆ ನನ್ ಹೆಸ್ರೆಲ್ಲೈತೆ? ಉದುರಿದ್ ಕಾಯಿ ಅಟ್ಟಕ್ಕಾಕಿ ಕೊಬ್ರಿ ಮಾಡ್ಕಂಡೇ ಮೊಮ್ಮಗಳನ್ನ ಓದುಸ್ತಾ ಇವ್ನಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು: “ತೀರ್ಪು ಬೇಗ ಬಂದ್ಬುಡ್ತದಾ?”

ನಾನು ಮನೆಗೆ ಬಂದು ಕನ್ನಡಕ ಹಾಕಿಕೊಂಡು ಆಜ್ಞೆಯ ಪ್ರತಿಯನ್ನು ಎರಡು ಸಲ ಓದಿದೆ. ಅವಳ ಹೆಸರು ಎಲ್ಲೂ ಇರಲಿಲ್ಲ.

ಮೊನ್ನೆ ವಕೀಲರು ತಲೆ ಕೆರೆದುಕೊಳ್ಳುತ್ತಾ, ಮತ್ತೆ ಮುಂದಿನ ದಿನಾಂಕ ಬಿತ್ತು ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು, “ಇರಲಿ ಬಿಡಿ ಸಾರ್, ಏನು ಅವಸರ” ಅಂದೆ.