ಗೋಡೆಗಿಂತ ಮೊದಲು ಬರುವ ಸುಣ್ಣದಕ್ಕ

ಚಳಿಗಾಲದ ಕೊನೆಯ ದಿನಗಳು. ಬೆಳಗಿನ ಐದೂಮುಕ್ಕಾಲು. ಊರಂಚಿನ ಖಾಲಿ ಜಾಗದ ನೆಲ ಇಬ್ಬನಿಗೆ ಒದ್ದೆಯಾಗಿದೆ. ಹೆಂಗಸೊಬ್ಬರು ತಳಕ್ಕೆ ತೂತು ಹೊಡೆದ ಡಬ್ಬವನ್ನು ಕುಲುಕುತ್ತ, ಬಿಗಿದು ಕಟ್ಟಿದ ದಾರದ ಗುಂಟ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾರೆ. ಅವರ ಕಣ್ಣೆದುರು ಬಿಳಿಯ ಗೆರೆ ಬೆಳೆಯುತ್ತಿದೆ. ಏಳರ ಮೇಲೆ ಗಾಳಿ ಏಳುತ್ತದೆ, ಗಾಳಿ ಎದ್ದರೆ ಸುಣ್ಣದ ಪುಡಿ ಗೆರೆಯಲ್ಲಿ ನಿಲ್ಲದೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಇಷ್ಟು ಬೇಗ.

ಇವರಿಗೆ ಐವತ್ತನಾಲ್ಕು ವರ್ಷ. ಎಲ್ಲರ ಬಾಯಲ್ಲೂ ಸುಣ್ಣದಕ್ಕ. ಮಂಜೂರಾತಿಗೆಂದು ನಗರಸಭೆಗೆ ಕೊಟ್ಟ ನಕ್ಷೆಯನ್ನು, ಕಟ್ಟಡ ಎಷ್ಟಿರುತ್ತದೋ ಅಷ್ಟೇ ಅಳತೆಯಲ್ಲಿ ನೆಲದ ಮೇಲೆ ಬರೆಯುವುದು ಇವರ ಕೆಲಸ. ನಗರಸಭೆಯ ಎಂಜಿನಿಯರ್ ಬಂದು ಕಾಗದವನ್ನೂ ನೆಲವನ್ನೂ ತಾಳೆ ನೋಡುತ್ತಾರೆ.

"ಕಾಗದದ ಮೇಲೆ ಎಲ್ಲರ ಮನೇನೂ ದೊಡ್ಡದೇ ಕಣಪ್ಪಾ," ಅನ್ನುತ್ತಾರೆ ಸುಣ್ಣದಕ್ಕ. "ನೆಲಕ್ಕೆ ಇಳಿಸಿದಾಗ ಗೊತ್ತಾಗೋದು, ಬಾಗಿಲು ತೆಗೆದ್ರೆ ಮಂಚಕ್ಕೆ ಬಡಿಯುತ್ತೆ ಅಂತ."

ಇಂದಿನ ನಕ್ಷೆ ಹನ್ನೊಂದು ಕುಟುಂಬಗಳದು. ಎಲ್ಲರೂ ಒಂದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರು, ಒಟ್ಟಾಗಿ ಜಾಗ ಕೊಂಡವರು. ನಡುವೆ ಒಂದು ಓಣಿ, ಒಂದು ಕಡೆ ಆರು ಮನೆ, ಇನ್ನೊಂದು ಕಡೆ ಐದು. ಓಣಿಯ ಕೊನೆಯಲ್ಲಿ ಅಗ್ನಿಶಾಮಕ ವಾಹನ ತಿರುಗಲು ಜಾಗ ಸಾಲದೆಂದು ನಕ್ಷೆ ಎರಡು ಸಲ ವಾಪಸ್ ಬಂದಿದೆ. ಇನ್ನೊಮ್ಮೆ ಬಂದರೆ ಹೊಸ ಅರ್ಜಿಯೇ ಹಾಕಬೇಕು. ಹೊಸ ಅರ್ಜಿಗೆ ಹೊಸ ನಿಯಮ, ಓಣಿ ಇನ್ನೂ ಅಗಲ. ಆಗ ಉಳಿಯುವುದು ಒಂಬತ್ತೇ ಮನೆ. ಯಾವ ಎರಡು ಕುಟುಂಬ ಬಿಟ್ಟುಹೋಗಬೇಕು ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಎಂಜಿನಿಯರ್ ಹತ್ತಕ್ಕೆ ಬರುತ್ತಾರೆ.

ಮೊದಲು ಸುಣ್ಣದಕ್ಕ ಇಟ್ಟಿಗೆ ಹೊರುತ್ತಿದ್ದವರು. ಒಮ್ಮೆ ಗೇಣಗಲ ತಪ್ಪಿದ ಗೋಡೆಯನ್ನು ಸೊಂಟದ ಮಟ್ಟಕ್ಕೆ ಬಂದ ಮೇಲೆ ಕೆಡವಿದರು. ಹೊತ್ತು ತಂದ ಇಟ್ಟಿಗೆಯನ್ನೇ ಹೊತ್ತು ಹಾಕುವಾಗ ಬಸುರಿ. "ಹೊಟ್ಟೆ ಉರೀತು. ಗೆರೆ ಎಳೆಯೋದನ್ನ ನಂಗೂ ಕಲಿಸಿ ಅಂತ ಮೇಸ್ತ್ರಿ ಬೆನ್ನು ಹತ್ತಿದೆ." ಮೂರಡಿ, ನಾಲ್ಕಡಿ, ಐದಡಿ ದಾರವನ್ನು ತ್ರಿಕೋನವಾಗಿ ಸೇರಿಸಿದರೆ ಮೂಲೆ ನೇರ ಕೂರುತ್ತದೆಂದು ಮೇಸ್ತ್ರಿ ತೋರಿಸಿಕೊಟ್ಟರು. ಅದಾಗಿ ಇಪ್ಪತ್ತಾರು ವರ್ಷ. ಈಗ ತಿಂಗಳಿಗೆ ನಾಲ್ಕೈದು ಜಾಗ, ದಿನಕ್ಕೆ ಎರಡು ಚೀಲ ಸುಣ್ಣ. ಅಂಗೈ ಬಿರಿದಿದೆ, ಮಂಡಿ ಮಾತು ಕೇಳುವುದಿಲ್ಲ.

ಆರೂವರೆಗೆ ಗೆರೆ ಮುಗಿಯುವಾಗ ಹನ್ನೊಂದೂ ಮನೆಯವರು ಬಂದು ಸುತ್ತ ನಿಂತಿದ್ದಾರೆ. ಆಗ ನೀರಿನ ಟ್ಯಾಂಕರ್ ಒಂದು ಗುಡುಗುಡು ಬರುತ್ತದೆ. ಓಡಿಸುವವನು ಸುಣ್ಣದಕ್ಕನ ತಮ್ಮ. ಅಗ್ನಿಶಾಮಕ ವಾಹನದಷ್ಟೇ ಉದ್ದದ ಗಾಡಿ. ಓಣಿಯ ಕೊನೆಯಲ್ಲಿ ತಿರುಗಿಸುತ್ತಾನೆ.

"ಅಕ್ಕಾ, ಯಾರದೋ ಅಡುಗೆಮನೆ ಹೊಕ್ಬಿಟ್ಟೆ!"

"ಇಳೀಬೇಡ. ಇನ್ನೊಂದ್ಸಲ ತಿರುಗ್ಸು."

ಐದು ಮನೆಯ ಸಾಲಿನ ಕೊನೆಯದು, ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕುವ, ಎಲ್ಲರೂ ಇಸ್ತ್ರಿಯವರು ಅನ್ನುವವರ ಮನೆ. "ನಿನ್ನ ತಮ್ಮನಿಗೆ ಗಾಡಿ ಬರಲ್ಲ ಬಿಡಕ್ಕ," ಅನ್ನುತ್ತಾರೆ ಅವರು, ಮುಖ ಇಷ್ಟೇ ಇಷ್ಟಾಗಿದೆ. ಎರಡನೇ ಸಲವೂ ಚಕ್ರ ಅಲ್ಲೇ ಹತ್ತುತ್ತದೆ.

"ಅಂದ್ರೆ ನಮ್ಮನೆ ಹೋಯ್ತಾ ಅಕ್ಕ?" ಇಸ್ತ್ರಿಯವರ ಹೆಂಡತಿ ಕೇಳುತ್ತಾರೆ.

ಸುಣ್ಣದಕ್ಕ ಟೇಪು ಹಿಡಿದು ಕೂರುತ್ತಾರೆ. ಒಂದೂವರೆ ಅಡಿ ಸಾಲದು. "ಈ ಸಾಲಲ್ಲಿ ಐದು ಮನೆ. ಮನೆಗೆ ನಾಲ್ಕಿಂಚು ಬಿಡಿ, ಇಡೀ ಸಾಲು ಈ ಕಡೆ ಜರುಗುತ್ತೆ. ಬೇಕಾಗಿರೋದು ಹದಿನೆಂಟು, ಇಪ್ಪತ್ತು ಸಿಗುತ್ತೆ."

ಮೊದಲ ಮನೆಯವರನ್ನು ಎಲ್ಲರೂ ಭಾವ ಅನ್ನುತ್ತಾರೆ. ಅವರು ಸಿಡುಕುತ್ತಾರೆ, "ಆ ಮೂಲೆಗೆ ನಾನ್ಯಾಕೆ ಬಿಡ್ಲಿ? ನನ್ನ ಮಂಚ ಹಿಡಿಸಲ್ಲ."

ಸುಣ್ಣದಕ್ಕ ವಾದಕ್ಕೆ ಇಳಿಯುವುದಿಲ್ಲ. ನಾಲ್ಕಿಂಚು ಒಳಗೆ ಹೊಸ ಗೆರೆ ಎಳೆಯುತ್ತಾರೆ. "ಮಲಗಿ ಭಾವ."

"ಎಲ್ಲಿ?"

"ನಿಮ್ಮ ಮನೇಲೇ."

ಭಾವ ಟವೆಲ್ ಹಾಸಿ, ನೆಲದ ಮೇಲೆ ಉದ್ದಕ್ಕೆ ಮಲಗುತ್ತಾರೆ.

"ಗೊರಕೆ ಹೊಡೀಬೇಡಿ, ಪಕ್ಕದ ಮನೆಗೆ ಗೋಡೆ ಇನ್ನೂ ಎದ್ದಿಲ್ಲ!" ಅನ್ನುತ್ತಾರೆ ಅವರ ಹೆಂಡತಿ. ಬೆಳಗಿನಿಂದ ಬಿಗಿದುಕೊಂಡಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಭಾವ ಕಾಲು ಚಾಚುತ್ತಾರೆ, ಕೈ ಚಾಚುತ್ತಾರೆ. ಆಮೇಲೂ ಗೇಣು ಜಾಗ ಉಳಿಯುತ್ತದೆ.

"ಹಿಡಿಸುತ್ತೆ," ಎದ್ದು ಸುಣ್ಣ ಕೊಡವಿಕೊಳ್ಳುತ್ತಾರೆ. "ಬೀರು ಎಲ್ಲಿಡೋದು?"

"ಬಾಗಿಲ ಹಿಂದೆ ಇಡೋಣ, ಸುಮ್ನಿರಿ," ಅನ್ನುತ್ತಾರೆ ಹೆಂಡತಿ.

ಅಷ್ಟರಲ್ಲಿ ಗಾಳಿ ಎದ್ದಿದೆ. ಐದು ಮನೆಯನ್ನೂ ಹೊಸದಾಗಿ ಬರೆಯಬೇಕು. ಹೆಂಗಸರು ಓಡಿಹೋಗಿ ಹತ್ತಿರದ ಮನೆಗಳಿಂದ ದುಪ್ಪಟಿಗಳನ್ನು ತಂದು, ಇಬ್ಬಿಬ್ಬರು ತುದಿ ಹಿಡಿದು ಗಾಳಿಗೆ ಅಡ್ಡ ನಿಲ್ಲುತ್ತಾರೆ. ಆ ಮರೆಯಲ್ಲಿ ಸುಣ್ಣದಕ್ಕ ಹಿಂದೆ ಹಿಂದೆ ನಡೆಯುತ್ತಾರೆ. ಅವರು ಹೆಜ್ಜೆ ಹಾಕಿದಂತೆ ದುಪ್ಪಟಿಗಳೂ ಹೆಜ್ಜೆ ಹಾಕುತ್ತವೆ.

ಹತ್ತಕ್ಕೆ ಎಂಜಿನಿಯರ್ ಬಂದು ಎರಡು ಕಡೆ ಟೇಪು ಹಿಡಿಸುತ್ತಾರೆ. "ನನ್ನ ಕೈಲಿರೋ ನಕ್ಷೆಗೂ ಈ ಗೆರೆಗೂ ತಾಳೆ ಆಗ್ತಿಲ್ವಲ್ಲಮ್ಮ?"

ಇಸ್ತ್ರಿಯವರು ತಮ್ಮ ಮನೆಯ ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ.

"ಇಲ್ಲ ಸಾರ್. ಕಾಗದದಲ್ಲಿದ್ದ ಹಾಗೇ ಮೊದಲು ಹಾಕಿದ್ದೆ. ಗಾಡಿ ತಿರುಗ್ಲಿಲ್ಲ. ನೀವು ವಾಪಸ್ ಕಳ್ಸಿದ್ದು ಸರಿನೇ. ಅದಕ್ಕೇ ಅಳಿಸಿ ಬರೆದಿದೀನಿ. ಕಣ್ಣಾರೆ ನೋಡ್ಬಿಡಿ." ತಮ್ಮನಿಗೆ ಕೈ ಸನ್ನೆ ಮಾಡುತ್ತಾರೆ.

ಟ್ಯಾಂಕರ್ ಒಂದೇ ಸಲಕ್ಕೆ ತಿರುಗುತ್ತದೆ. ಎಂಜಿನಿಯರ್ ಬಗ್ಗಿ, ಮೂಲೆಯ ಗೆರೆಯನ್ನು ಉದ್ದಕ್ಕೂ ನೋಡಿಕೊಂಡು ಬರುತ್ತಾರೆ. ಒಂದು ಕಡೆಯೂ ಕದಡಿಲ್ಲ.

"ತಿದ್ದಿದ ನಕ್ಷೆ ನಾಳೆ ಸಂಜೆಯೊಳಗೆ ಕೊಡಿ. ಇದೇ ಅರ್ಜಿಗೆ ಸೇರಿಸ್ಕೋತೀನಿ. ವಾಪಸ್ ಅಂತ ಬರೆಯಲ್ಲ."

ಮೂರು ವಾರದ ಮೇಲೆ, ಒಂದು ಮಂಗಳವಾರ, ಮಂಜೂರಾತಿ ಸಿಗುತ್ತದೆ. ಮೊಹರು ಬಿದ್ದ ನಕ್ಷೆಯ ಮೇಲೆ ಇಸ್ತ್ರಿಯವರ ಹೆಂಡತಿ ಬೆರಳಿಟ್ಟು ಮನೆ ಎಣಿಸುತ್ತಾರೆ. ಹನ್ನೊಂದು. ಮತ್ತೆ ಎಣಿಸುತ್ತಾರೆ. ಪಾಯ ತೋಡುವ ಗೆರೆ ಎಳೆದುಕೊಡಲು ಅವತ್ತು ಸುಣ್ಣದಕ್ಕನೂ ಬಂದಿದ್ದಾರೆ. ಏನು ಕೊಡಲಿ ಅಕ್ಕ, ಎಂದು ಆಕೆ ಕೈ ಹಿಡಿದುಕೊಂಡರೆ ಸುಣ್ಣದಕ್ಕ ನಗುತ್ತಾರೆ.

"ಎಷ್ಟು ಮನೆ ಒಳಗೆ ಓಡಾಡಿದೀನೋ ಲೆಕ್ಕವಿಲ್ಲ. ಒಂದು ಮನೇಗೂ ಬಾಗಿಲು ತಟ್ಟಿ ಹೋಗಿಲ್ಲ. ಸೂರು ಬಿದ್ದ ಮೇಲೆ ನಿಮ್ಮನೇಗೆ ಬರ್ತೀನಿ. ನಾನು ತಟ್ಟಬೇಕು, ಯಾರದು ಅಂತ ನೀನು ಒಳಗಿಂದ ಕೇಳ್ಬೇಕು."

ಬುಧವಾರ ನಸುಕಿನಲ್ಲಿ ಡಬ್ಬ, ದಾರ, ಉಳಿದ ಅರ್ಧ ಚೀಲ ಸುಣ್ಣವನ್ನು ತಮ್ಮನ ಟ್ಯಾಂಕರಿಗೆ ಹಾಕಿಕೊಂಡು ಸುಣ್ಣದಕ್ಕ ಮುಂದಿನ ಜಾಗಕ್ಕೆ ಹೊರಡುತ್ತಾರೆ.