ಶರೀಫಸಾಬನ ಕಡ್ಡಾಯ

ಗಬ್ಬೂರ ಬೈಪಾಸಿನ ಗ್ಯಾರೇಜುಗಳ ಸಾಲಿನಲ್ಲಿ ಲಾರಿಯ ಮುರಿದ ಸ್ಪ್ರಿಂಗ್ ಪಾಟಾ ಕಟ್ಟಿಸಬೇಕೆಂದರೆ ಎಲ್ಲರೂ ಶರೀಫಸಾಬನ ಅಂಗಡಿಗೇ ಬೆರಳು ತೋರಿಸುತ್ತಾರೆ. ಮೂವತ್ತು ವರ್ಷ ಕಬ್ಬಿಣ ಬಡಿದ ಮನುಷ್ಯ. ಮಾತೂ ಬಡಿದ ಹಾಗೆಯೇ. ಅಂಥವನ ಮಾತಿಗೆ ಒಂದು ದಿನ ಗ್ಯಾರೇಜಿನವರ ಸಂಘವೇ ತಲೆದೂಗಿತು. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಸಂಘದವರು ಯಾರಾದರೂ ಆಸ್ಪತ್ರೆ ಸೇರಿದರೆ ಇಬ್ಬರು ಒಂದು ಟಾವೆಲ್ಲಿನ ತುದಿ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ ಸಹಾಯ ಎತ್ತುವುದು ಆ ಸಾಲಿನ ಪದ್ಧತಿ. ವೆಲ್ಡರ್ ಇಕ್ಬಾಲನ ಕಿಡ್ನಿ ಕೆಟ್ಟಾಗ ಒಂದು ತುದಿ ಹಿಡಿದವನು ಶರೀಫಸಾಬ. ದಿನಾ ಇಕ್ಬಾಲನ ಜೊತೆ ಚಹಾ ಕುಡಿದವರೇ ಟಾವೆಲ್ ಕಂಡೊಡನೆ ಅಂಗಡಿಯ ಹಿಂಬದಿಗೆ ಸರಿದರು. ಇಕ್ಬಾಲ ಉಳಿಯಲಿಲ್ಲ.

ಮುಂದಿನ ಸಭೆಯಲ್ಲಿ ಶರೀಫಸಾಬ ಎದ್ದು ನಿಂತ. "ಇಕ್ಬಾಲನ್ನ ನಾವ ಕೂಡಿ ಕೊಂದ್ವಿ. ಇನ್ನ ಟಾವೆಲ್ ಬಂದ್ ಮಾಡ್ರಿ. ಎಲ್ಲಾರೂ ಆರೋಗ್ಯ ವಿಮಾ ಮಾಡಸಬೇಕು, ಕಡ್ಡಾಯ. ಮಾಡಸಲಾರದವ ಸಂಘದಾಗ ಇರೂದು ಬ್ಯಾಡ."

ಟೈರ್ ಅಂಗಡಿಯ ಮುರುಗೆಪ್ಪನೊಬ್ಬನೇ ಅಡ್ಡ ಬಂದ. "ನನ್ನ ಜೀವಾ ಕಾಯೂದು ನನ್ನ ಕೆಲಸ ಶರೀಫಣ್ಣ. ಒತ್ತಾಯ ಮಾಡಿ ಕೊಡಸೂದಕ್ಕ ವಿಮಾ ಅನ್ನೂದಿಲ್ಲ, ದಂಡ ಅಂತಾರ."

"ದಂಡಾನ ಅನ್ನು. ಸಾಯೂದಕ್ಕಿಂತ ಛಲೋ."

ನಿಯಮ ಬಂತು. ಧಾರವಾಡದ ವಿಮಾ ಏಜೆಂಟ ವಿನೀತ ಮನೆಮಂದಿಯನ್ನೂ ಸೇರಿಸಿ ಎಲ್ಲರ ಅರ್ಜಿ ತುಂಬಿಕೊಂಡು ಹೋದ. ವಾರದಲ್ಲಿ ಕಂಪನಿಯಿಂದ ಒಬ್ಬ ಹುಡುಗಿ ಶರೀಫಸಾಬನ ಹೆಂಡತಿ ಅಬೀದಾಗೆ ಫೋನ್ ಮಾಡಿದಳು. "ಅಮ್ಮಾ, ನಿಮಗೆ ಏನಾದ್ರೂ ಕಾಯಿಲೆ ಇದೆಯಾ? ಶುಗರ್, ಬಿ.ಪಿ.?"

"ಏನಿಲ್ಲವಾ. ಅಲ್ಲಾನ ದಯಾದಿಂದ ಎಲ್ಲಾ ಆರಾಮ ಅದೇವಿ. ನೀ ಆರಾಮ ಅದೀಯಲ್ಲ?"

ಪಕ್ಕದಲ್ಲಿ ಕೂತ ಶರೀಫಸಾಬನೂ ಸರಿ ಎನ್ನುವಂತೆ ತಲೆಯಾಡಿಸಿದ. ಅಬೀದಾ ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದಳು. ಆದರೆ ಅದನ್ನು ಜಡ್ಡು ಎಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಹಾಸಿಗೆ ಹಿಡಿದರೆ ಜಡ್ಡು. ಬೆಳಗಾದರೆ ಎದ್ದು ರೊಟ್ಟಿ ಬಡಿಯುವವಳಿಗೆ ಎಂಥ ಜಡ್ಡು? ಮೇಲಾಗಿ, ಮುಖ ನೋಡದವರ ಮುಂದೆ ಮೈಯ ಸಂಕಟ ಹೇಳಿಕೊಳ್ಳುವುದು ನಮ್ಮ ಕಡೆ ಯಾವ ಹೆಂಗಸಿಗೆ ಬಂದೀತು? ವಿಚಾರಿಸಿದವರಿಗೆ ಆರಾಮ ಎಂದು ಹೇಳಿ, ತಿರುಗಿ ಅವರನ್ನೂ ವಿಚಾರಿಸುವುದು ಇಲ್ಲಿಯ ಮರ್ಯಾದೆ. ಆ ಮರ್ಯಾದೆಯನ್ನು ಕಂಪನಿ ರೆಕಾರ್ಡ್ ಮಾಡಿಟ್ಟುಕೊಂಡಿತು.

ಹತ್ತು ತಿಂಗಳಾದ ಮೇಲೆ ಅಬೀದಾಳ ಎಡಗಾಲಿನ ಬೆರಳಲ್ಲಿ ಎದ್ದ ಗುಳ್ಳೆ ಮಾಯಲಿಲ್ಲ, ಕಪ್ಪಗಾಯಿತು. ರಕ್ತನಾಳ ಕಟ್ಟಿದೆ, ವಾರದೊಳಗೆ ಬಿಡಿಸಿದರೆ ಕಾಲು ಉಳಿಯುತ್ತದೆ ಎಂದರು ಡಾಕ್ಟರು. ಶರೀಫಸಾಬ ಧೈರ್ಯವಾಗಿ ವಿಮೆಯ ಕಾರ್ಡು ಕೊಟ್ಟ. ಎರಡು ದಿನಕ್ಕೆ ಉತ್ತರ ಬಂತು: ಎಂಟು ವರ್ಷದ ಸಕ್ಕರೆ ಕಾಯಿಲೆ ಎಂದು ಆಸ್ಪತ್ರೆಯ ಕಾಗದದಲ್ಲೇ ಇದೆ, ಅದನ್ನು ಮುಚ್ಚಿಟ್ಟಿದ್ದೀರಿ, ಹಣ ಸಿಗದು.

ಕಂಪನಿಯ ಆಫೀಸಿಗೆ ಹೋಗಿ ಕೂಗಾಡಿದ. ಅಲ್ಲಿಯವರು ಸಮಾಧಾನದಿಂದ ಕಂಪ್ಯೂಟರಿನಲ್ಲಿ ಅವನ ಹೆಂಡತಿಯ ದನಿಯನ್ನೇ ಕೇಳಿಸಿದರು. ಅಂಥ ಅಕ್ಕರೆಯ ದನಿಯನ್ನು ಸುಳ್ಳುಗಾರ್ತಿಯ ದನಿ ಎಂದು ಕೇಳಿಸುತ್ತಾರಲ್ಲ ಎಂದುಕೊಳ್ಳುತ್ತ ಹೊರಗೆ ಬಂದ. ಸರ್ಕಾರದ ಯೋಜನೆಯೂ ಕೈಕೊಟ್ಟಿತು. ಅಂಗಡಿಗೆಂದು ತೆರಿಗೆ ರಿಟರ್ನ್ ತುಂಬಿದ ವರ್ಷವೇ ಅವನ ಬಿಪಿಎಲ್ ಕಾರ್ಡು ರದ್ದಾಗಿತ್ತು. ಈಗಿದ್ದ ಎಪಿಎಲ್ ಕಾರ್ಡಿಗೆ ಸರ್ಕಾರ ಕೊಡುವ ಪಾಲು ಎಲ್ಲಿಗೂ ಸಾಲದು.

ಕೊನೆಗೆ ಮಾನ ಬಿಟ್ಟು ಸಂಘದ ಅಧ್ಯಕ್ಷನ ಹತ್ತಿರ ಟಾವೆಲ್ ಕೇಳಿದ. "ಟಾವೆಲ್ ಬಂದ್ ಮಾಡಿಸಿದವ್ರು ನೀವರಿ ಶರೀಫಣ್ಣ," ಎಂದ ಆತ. "ನಿಮಗೊಬ್ಬರಿಗೆ ಎತ್ತಿದ್ರ ನಾಳೆ ಯಾರು ವಿಮಾ ತುಂಬತಾರ?" ಆತ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶರೀಫಸಾಬನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಹೇಳುತ್ತಿದ್ದ.

ಅಲ್ಲಿ ಇಲ್ಲಿ ಕೈಯೊಡ್ಡುವುದರಲ್ಲಿ ಹತ್ತು ದಿನ ಹೋದವು. ಹನ್ನೊಂದನೆಯ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಬೀದಾಳ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ನೋಡಲು ಬಂದವರಲ್ಲಿ ಮುರುಗೆಪ್ಪನೂ ಇದ್ದ. ಬೈದುಕೊಳ್ಳುತ್ತ ಮಾಡಿಸಿದ ಅದೇ ವಿಮೆಯಲ್ಲಿ ಅವನ ಅಪೆಂಡಿಕ್ಸ್ ಆಪರೇಶನ್ ಒಂದು ಪೈಸೆ ಖರ್ಚಿಲ್ಲದೆ ಆಗಿತ್ತು. ಬಾಳೆಹಣ್ಣು ಕೆಳಗಿಟ್ಟು ನೆಲ ನೋಡುತ್ತ, "ನಿನ್ನಿಂದ ನಾ ಉಳದೆ ಶರೀಫಣ್ಣ," ಎಂದ. ಶರೀಫಸಾಬನಿಗೆ ಆ ಹಣ್ಣನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಸ್ಟೂಲು ಸರಿಸಿ ಕೂಡು ಎಂದ.

ವಿಮೆಯ ವರ್ಷ ಮುಗಿಯುತ್ತಲೇ ವಿನೀತ ಹೊಸ ಅರ್ಜಿ ಹಿಡಿದು ಮನೆಗೇ ಬಂದ. "ಈ ಸಲ ಖರೇ ಬರೆಯೋಣ್ರಿ ಚಾಚಾ. ಚಾಚಿಗೆ ಸಕ್ಕರಿ ಕಾಯಿಲೆ ಅದ ಅಂತ. ಆದ್ರ ಅದರಿಂದ ಏನಾದ್ರೂ ಮೂರು ವರ್ಷ ಏನೂ ಸಿಗೂದಿಲ್ರಿ. ಆಮ್ಯಾಲೆ ಕಾಲಿಗೆ ಏನರ ಆದ್ರ ಸಿಗ್ತದ."

"ಯಾವ ಕಾಲಿಗೆ ತಮ್ಮಾ?" ಅಬೀದಾ ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ವಿನೀತ ಕಾಗದದಿಂದ ತಲೆ ಎತ್ತಲಿಲ್ಲ. "ಇರೋ ಕಾಲಿಗ್ರಿ."

"ಹಂಗಾರ ಇದನ್ನ ಮೂರು ವರ್ಷ ಕಾಯ್ಕೋತ ಕುಂದರ್ತೇನಿ," ಎಂದು ಅವಳು ಬಲಗಾಲನ್ನು ಹತ್ತಿರ ಎಳೆದುಕೊಂಡಳು.

ಅರ್ಜಿ ತುಂಬದಿದ್ದರೆ ಸಂಘದಿಂದ ಹೊರಗೆ. ಶರೀಫಸಾಬ ಪೆನ್ನು ಇಸಿದುಕೊಂಡು, ವಿನೀತ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದ.