ಸುರ್ಮಾ ಕಡ್ಡಿಯ ಮೇಲೆ ಹಾಕಿದ ತಪ್ಪು

ಮೊನ್ನೆ ನೆಂಟರೊಬ್ಬರ ಮನೆಯಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾದ ಹಿತ್ತಾಳೆ ಡಬ್ಬಿ, ಸುರ್ಮಾದಾನಿ, ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಚಹಾ ಹಾಗೇ ಇಟ್ಟೆ...

ಎಂಬತ್ತರ ದಶಕದಲ್ಲಿ ನಾವು ಸೌದಿಯ ಬುರೈದಾದಲ್ಲಿದ್ದೆವು. ನನ್ನವರಿಗೆ ಖರ್ಜೂರದ ಗೋದಾಮಿನಲ್ಲಿ ಕೆಲಸ. ಎದುರು ಫ್ಲ್ಯಾಟಿನಲ್ಲಿ ಮಗ ಸೊಸೆಯ ಜೊತೆ ಭಟ್ಕಳದ ಖಾಲಾ, ನಮಗೆಲ್ಲ ಚಿಕ್ಕಮ್ಮನಂಥವರು. ನನ್ನ ಬಾಣಂತನ ಮಾಡಿದವರೇ ಅವರು. ಆದರೂ ಅವರ ಒಂದು ಚಾಳಿ ನನಗೆ ಸಹಿಸಲಾಗುತ್ತಿರಲಿಲ್ಲ. ಹಬ್ಬದ ದಿನ ಕಟ್ಟಡದ ಮಕ್ಕಳನ್ನೆಲ್ಲ ಎಸಿ ಕೋಣೆಯಲ್ಲಿ ಕೂರಿಸಿ, ಒಂದೇ ಕಡ್ಡಿಯಿಂದ ಎಲ್ಲರ ಕಣ್ಣಿಗೂ ಸುರ್ಮಾ ಎಳೆಯುತ್ತಿದ್ದರು. ಒಂದು ಮಗುವಿನ ಕಣ್ಣಿನ ಪಿಸುರು ಅಂಟಿದ ಕಡ್ಡಿಯನ್ನು ದುಪಟ್ಟಾದ ಅಂಚಿಗೆ ಒರೆಸಿ ಇನ್ನೊಂದರ ಕಣ್ಣಿಗೆ ಹಾಕುವುದು. ಥೂ... ನೆನೆದರೆ ಈಗಲೂ ವಾಕರಿಕೆ.

ಒಂದು ವರ್ಷ ಈದ್ ಹಬ್ಬದ ಬೆಳಿಗ್ಗೆ ನನ್ನ ಮೂರು ವರ್ಷದ ಮಗಳಿಗೆ ಮೈ ಬಿಸಿ, ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು. ಮರಳುಗಾಳಿಯಿಂದ ಎಂದುಕೊಂಡು ಹೊಸ ಫ್ರಾಕು ತೊಡಿಸಿ ಎದುರು ಮನೆಗೆ ಕಳಿಸಿದೆ. ಖಾಲಾರ ಏಳು ತಿಂಗಳ ಮೊಮ್ಮಗನ ಪಕ್ಕದಲ್ಲೇ ಕೂತು ಕೆಮ್ಮುತ್ತ ಸುರ್ಮಾ ಹಾಕಿಸಿಕೊಂಡಳು. ಎರಡು ದಿನದಲ್ಲಿ ಅವಳಿಗೆ ಕಿವಿಯ ಹಿಂದಿನಿಂದ ಮೈಯೆಲ್ಲ ಕೆಂಪು ದದ್ದು. ದಡಾರ.

ನಾನು ನೇರ ಖಾಲಾರ ಬಾಗಿಲಿಗೆ ಹೋದೆ. "ಇದೆಲ್ಲ ನಿಮ್ಮ ಆ ಗಲೀಜು ಕಡ್ಡಿಯಿಂದಲೇ ಬಂದದ್ದು ಖಾಲಾ," ಎಂದೆ.

ಹತ್ತು ಹನ್ನೆರಡು ದಿನಕ್ಕೆ ಮೊಮ್ಮಗನಿಗೂ ದಡಾರ ಬಂತು. ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಹೋದ ಮಗು ಮನೆಗೆ ಬರಲಿಲ್ಲ...

ಅದೇ ವಾರ ಮಗಳನ್ನು ಮತ್ತೆ ತೋರಿಸಲು ಹೋದಾಗ ಹೈದರಾಬಾದಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ದಡಾರ ಹರಡುವುದು ಕೆಮ್ಮು, ಸೀನಿನ ಗಾಳಿಯಿಂದ, ಅದೂ ದದ್ದು ಏಳುವ ನಾಲ್ಕು ದಿನ ಮೊದಲಿನಿಂದಲೇ. ಮೈಸೇರಿದ ಮೇಲೆ ಜ್ವರ ಬರಲು ಹತ್ತು ದಿನ ಬೇಕು, ಹಾಗಾಗಿ ನನ್ನ ಮಗಳಿಗೆ ಅದು ಈದಿಗೆ ಮೊದಲೇ ಅಂಟಿತ್ತು, ಖಾಲಾರ ಮೊಮ್ಮಗನಿಗೆ ಅಂಟಿದ್ದು ಅವಳ ಕೆಮ್ಮಿನಿಂದ. ಒಂಬತ್ತು ತಿಂಗಳಾಗದ ಕೂಸಿಗೆ ಲಸಿಕೆ ಇಲ್ಲ, ಸುತ್ತಲಿನ ಮಕ್ಕಳು ಹಾಕಿಸಿಕೊಂಡಿದ್ದರೆ ಮಾತ್ರ ಅದಕ್ಕೆ ರಕ್ಷಣೆ. ನನ್ನ ಮಗಳಿಗೆ ಹಾಕಿಸಿರಲಿಲ್ಲ. ಚುಚ್ಚಿಸಿದರೆ ಜ್ವರ ಬಂದೀತು, ಊರಿಗೆ ಹೋಗಿಬಂದ ಮೇಲೆ ನೋಡೋಣ ಎಂದು ನಾನೇ ಮುಂದೂಡಿ ಮರೆತಿದ್ದೆ. ಅಂದು ನನ್ನ ಮೇಲೆ ನನಗೇ ಹುಟ್ಟಿದ ಹೇಸಿಗೆಯ ಮುಂದೆ ಆ ಪಿಸುರು ಏನೂ ಅಲ್ಲ.

ಸಂಜೆ ಖಾಲಾ ನನ್ನ ಕೈ ಹಿಡಿದು ಕೇಳಿದರು, "ನನ್ನ ಕೈಯಿಂದಲೇ ಆಯ್ತಲ್ಲಾ ಮಗಳೇ?"

ಎಲ್ಲ ಗೊತ್ತಿದ್ದೂ ನಾನು ತಲೆ ತಗ್ಗಿಸಿ ಕೂತೆ.

ಖಾಲಾ ಈಗಿಲ್ಲ. ಊರಿಗೆ ಮರಳಿದ ಮೇಲೆ ಅವರು ಯಾವ ಮಗುವನ್ನೂ ಎತ್ತಿಕೊಳ್ಳಲಿಲ್ಲವಂತೆ, ತಮ್ಮ ಕೈಗೇ ಹೆದರುತ್ತಿದ್ದರಂತೆ. ಅವರ ಸೊಸೆ ಫೋನಿನಲ್ಲಿ ಹೇಳಿದಳು. ಅವಳಿಗೂ ನಾನು ನಿಜ ಹೇಳಲಿಲ್ಲ.